ಟಕಾಮಿ ಮನೆತನದ ಕೀಲಿಕೈ

ಕುವೈತಿನ ಹವಲ್ಲಿಯ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ದೇವರನ್ನು ನಂಬದವರು ಒಬ್ಬಿಬ್ಬರು ಇದ್ದಿರಬಹುದು. ಆದರೆ ಡೋಲ್ಫಿ ರೆಬೆಲ್ಲೊನ ಕಾರಿನ ಸದ್ದು ಕೇಳಿ ದೇವರನ್ನು ನೆನೆಯದವರು ಒಬ್ಬರೂ ಇರಲಿಲ್ಲ. ಬೆಳಿಗ್ಗೆ ಆರೂಕಾಲಕ್ಕೆ ಅದು ಕೆಮ್ಮಿ, ಉಗುಳಿ, ನಡುಗಿ ಎದ್ದಾಗ ಎರಡನೆಯ ಮಹಡಿಯ ಸಿರಿಯಾದ ಅಜ್ಜಿ 'ಬಿಸ್ಮಿಲ್ಲಾ' ಅನ್ನುತ್ತಿದ್ದಳು. ಕೆಳಗೆ ಆಂಧ್ರದ ಹಾರಿಸ್, ಅಂದರೆ ಕಟ್ಟಡ ಕಾಯುವವನು, 'ಗೋವಿಂದಾ' ಅನ್ನುತ್ತಿದ್ದ. ಪಕ್ಕದ ಸೀಟಿನಲ್ಲೇ ಕೂತ ಹೆಂಡತಿ ಮೊಲ್ಲಿ 'ಜೆಜು!' ಅನ್ನುತ್ತಿದ್ದಳು. ಮೂರು ಮತದವರನ್ನು ಒಂದೇ ನಿಮಿಷದಲ್ಲಿ ಪ್ರಾರ್ಥನೆಗೆ ಹಚ್ಚುವ ವಾಹನ ಇಡೀ ಕುವೈತಿನಲ್ಲಿ ಇನ್ನೊಂದಿರಲಿಲ್ಲ.

ರಥವನ್ನು ವರ್ಣಿಸದೆ ಯುದ್ಧಕ್ಕೆ ಇಳಿಯುವುದು ಕಥೆ ಹೇಳುವವರಿಗೆ ಶೋಭೆಯಲ್ಲ. ಅದು ಹತ್ತೊಂಬತ್ತು ವರ್ಷದ ಟಕಾಮಿ ಕಾರು. ಕೊಳ್ಳುವಾಗ ಬೆಳ್ಳಿ ಬಣ್ಣದ್ದಂತೆ. ಈಗಿನ ಬಣ್ಣ ಆಯಾ ವಾರದ ಮರಳುಗಾಳಿಗೆ ಬಿಟ್ಟದ್ದು. ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು, ಬಲಬಾಗಿಲು ಒಳಗಿನಿಂದ ಮಾತ್ರ. ಹೀಗಾಗಿ ಹಿಂದೆ ಕೂರುವವರು ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಬೇಕು, ಪ್ರದಕ್ಷಿಣೆ ಬಂದ ಹಾಗೆ. ಎ.ಸಿ. ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಇತ್ತು. ಅದರ ತಂಪು ಡೋಲ್ಫಿಯ ಎಡಮೊಣಕಾಲಿಗೆ ಮಾತ್ರ ತಲುಪುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮೊಲ್ಲಿ ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು, ಐವತ್ತು ಡಿಗ್ರಿಯ ಬಿಸಿಲಿನಲ್ಲಿ, ಗಂಡನ ಮೊಣಕಾಲನ್ನು ಅಸೂಯೆಯಿಂದ ನೋಡುತ್ತ ಡ್ಯೂಟಿಗೆ ಹೋಗುತ್ತಿದ್ದಳು.

ಬದಲಿಸಬಾರದೇ ಎಂದು ಕೇಳುವವರು ರೆಬೆಲ್ಲೊ ಮನೆತನವನ್ನು ಅರಿಯದವರು. ಡೋಲ್ಫಿಯ ದಿವಂಗತ ತಂದೆ ಜೋಕಿಮ್ ಎಪ್ಪತ್ತೈದರಲ್ಲಿ ಕುವೈತಿಗೆ ಬಂದು ಕೊಂಡ ಮೊದಲ ಕಾರು ಟಕಾಮಿ. ಅಲ್ಲಿಂದ ಈಚೆಗೆ ಆ ಮನೆಯವರು ಬೇರೆ ಕಂಪನಿಯ ಕಾರಿಗೆ ಕಾಲಿಟ್ಟದ್ದಿಲ್ಲ. ರಸ್ತೆಯಲ್ಲಿ ಟ್ಯಾಕ್ಸಿ ಹಿಡಿಯಬೇಕಾದರೂ ಡೋಲ್ಫಿ ಟಕಾಮಿ ಟ್ಯಾಕ್ಸಿ ಬರುವವರೆಗೆ ನಿಲ್ಲುತ್ತಿದ್ದ. ಬಹರೈನಿನ ಲಾಯ್ಡ್ ಚಿಕ್ಕಪ್ಪ ಬ್ರಿಸ್ಟನ್ ಕಂಪನಿಯ ಕಾರು ಕೊಂಡ ವರ್ಷದಿಂದ ಅವರ ಹೆಸರು ಮನೆಯ ಮದುವೆ ಕಾಗದಗಳಲ್ಲಿ ಕಾಣಲಿಲ್ಲ. ಮೊಲ್ಲಿಯನ್ನು ನೋಡಲು ಹೋದ ದಿನ ಡೋಲ್ಫಿ ಹುಡುಗಿಗಿಂತ ಮೊದಲು ಅಂಗಳದ ಕಾರನ್ನು ನೋಡಿದ್ದ. "ಅದು ಟಕಾಮಿ ಆಗಿತ್ತು, ಅದರಿಂದಲೇ ನಾನು ಕೆಟ್ಟದ್ದು," ಎಂದು ಮೊಲ್ಲಿ ಈಗಲೂ ಹೇಳುತ್ತಾಳೆ.

ಈ ಭಕ್ತಿಗೆ ಮೂಲಸ್ಥಾನವೊಂದಿತ್ತು. ಮನೆಯ ಹಾಲಿನಲ್ಲಿ ಯೇಸುವಿನ ಪವಿತ್ರ ಹೃದಯದ ಪಟ. ಅದರ ಕೆಳಗೆ ಒಂದು ಮೊಳೆ. ಮೊಳೆಯಲ್ಲಿ ಹಿತ್ತಾಳೆಯ ಕೀಚೈನು. ಕೀಚೈನಿನ ಮೇಲೆ ಟಕಾಮಿ ಕಂಪನಿಯ ಕೊಕ್ಕರೆ ಗುರುತು, ತುದಿಯಲ್ಲಿ ಒಂದು ಕೀಲಿಕೈ. ತೊಂಬತ್ತರ ಆಗಸ್ಟಿನಲ್ಲಿ ಯುದ್ಧ ಬಂದು ಊರೇ ಓಡಿದಾಗ ಜೋಕಿಮ್ ಹೆಂಡತಿ ಫ್ರೀಡಾಳನ್ನೂ ಮಗು ಡೋಲ್ಫಿಯನ್ನೂ ಕೂರಿಸಿಕೊಂಡು, ಬಾಗ್ದಾದ್ ದಾಟಿ, ಮರಳುಗಾಡು ದಾಟಿ, ಒಮ್ಮೆಯೂ ಬಾನೆಟ್ ತೆರೆಯದೆ ಜೋರ್ಡಾನಿನ ಅಮ್ಮಾನ್ ಮುಟ್ಟಿದ್ದು ಆ ಕೀಲಿಕೈಯ ಟಕಾಮಿಯಲ್ಲಿ. ಅಲ್ಲಿ ವಿಮಾನ ಹತ್ತುವಾಗ ಕಾರನ್ನು ಒಬ್ಬ ಬಡ ಜೋರ್ಡಾನಿಗೆ ದಾನ ಕೊಟ್ಟು, ನೆನಪಿಗೆ ಕೀಲಿಕೈ ಮಾತ್ರ ತಂದರು. ಇದನ್ನು ಡೋಲ್ಫಿ ಕಣ್ಣಾರೆ ಕಂಡವನಂತೆ ಹೇಳುತ್ತಿದ್ದ. ಕಂಡದ್ದು ಮೂರೂವರೆ ವರ್ಷದ ಮಗು, ಅದೂ ದಾರಿಯುದ್ದಕ್ಕೂ ನಿದ್ದೆ ಮಾಡುತ್ತ, ಎಂಬುದನ್ನು ಕೇಳುವವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಹೀಗಿರಲು ಸೆಪ್ಟೆಂಬರಿನಲ್ಲಿ ಕ್ರೈಸ್ತರ ತೆನೆ ಹಬ್ಬ ಬಂತು.

ಹಬ್ಬದ ಊಟಕ್ಕೆ ಕುವೈತಿನಲ್ಲಿದ್ದ ಊರ ಕಡೆಯವರೆಲ್ಲ ಒಂದು ಹಾಲಿನಲ್ಲಿ ಸೇರಿದ್ದರು. ಡೋಲ್ಫಿಯ ಎದುರಿಗೆ ಕೂತವನು ಅವನ ಕಟ್ಟಡದ್ದೇ ಮೇಲಿನ ಮಹಡಿಯ ಫ್ರೆಡ್ರಿಕ್. ಒಂದು ತಿಂಗಳ ಹಿಂದೆ ಹೊಸ ಬ್ರಿಸ್ಟನ್ ಕೊಂಡಿದ್ದ. ಅದರಲ್ಲಿ ಸೀಟಿನೊಳಗಿಂದಲೇ ತಂಪುಗಾಳಿ ಬರುತ್ತದೆ ಎಂದು ಊರಿಗೆಲ್ಲ ಹೇಳಿ ಮುಗಿಸಿ, ಈಗ ಎರಡನೆಯ ಸುತ್ತು ಹೇಳುತ್ತಿದ್ದ.

"ಡೋಲ್ಫಿ ಮಾರಾಯಾ," ಎಂದ ಕೆಸುವಿನ ಪದಾರ್ಥ ಬಡಿಸಿಕೊಳ್ಳುತ್ತ, "ನಿನ್ನ ಗಾಡಿಗೆ ಈ ವರ್ಷವಾದರೂ ಅಂತ್ಯಸಂಸ್ಕಾರ ಉಂಟಾ? ಅಲ್ಲ, ಪಾದ್ರಿಗಳು ಹೇಗೂ ಇಲ್ಲೇ ಇದ್ದಾರೆ."

ಸುತ್ತ ಕೂತವರು ನಕ್ಕರು. ಮೊಲ್ಲಿಯೂ ನಕ್ಕಳು. ಅದು ಡೋಲ್ಫಿಗೆ ನಾಟಿತು.

"ನಿನ್ನ ಬ್ರಿಸ್ಟನ್ ಯಾವ ಯುದ್ಧ ಕಂಡಿದೆ ಫ್ರೆಡ್ರಿಕ್? ಮಾಲಿಗೆ ಹೋಗ್ತದೆ, ಮಾಲಿನಿಂದ ಬರ್ತದೆ. ನಮ್ಮದು ಅಮ್ಮಾನಿಗೆ ಹೋದ ವಂಶ!"

"ಹೌದಾ? ಇಷ್ಟು ದೊಡ್ಡ ವಿಷಯ ಕಂಪನಿಯವರಿಗೆ ಗೊತ್ತುಂಟಾ?"

"ಗೊತ್ತಿಲ್ಲದೆ? ಶೋರೂಮಿನವರು ಸನ್ಮಾನ ಮಾಡ್ತೇವೆ ಅಂತ ನನ್ನ ಹಿಂದೆ ಬಿದ್ದಿದ್ದಾರೆ. ನಾನೇ ಬೇಡ ಹೇಳಿದ್ದು. ನಮಗೆಂತಕ್ಕೆ ಪ್ರಚಾರ?"

ಬಾಯಿಂದ ಹೊರಟ ಮಾತು ಡೋಲ್ಫಿಯ ಕಿವಿಗೆ ತಲುಪುವಾಗ ಸ್ವಲ್ಪ ತಡವಾಗಿತ್ತು. ಅಷ್ಟರಲ್ಲಿ ಫ್ರೆಡ್ರಿಕ್ ಎಡಗೈಯಲ್ಲಿ ಮೊಬೈಲು ತೆಗೆದಾಗಿತ್ತು. "ಛೆ ಛೆ, ನೀನು ಸಂಕೋಚ ಮಾಡ್ಬಾರ್ದು. ನಾನು ಒಂದು ಮೆಸೇಜ್ ಹಾಕ್ತೇನೆ," ಎಂದು ಪಾಯಸ ಬರುವುದರೊಳಗೆ ಶೋರೂಮಿಗೆ ಮೂರು ಪ್ಯಾರಾ ಬರೆದು ಕಳಿಸಿದ. ಸುಳ್ಳು ಹೇಳಿದವನು ಸಿಕ್ಕಿಬೀಳಲಿ ಎಂಬುದು ಅವನ ಉದ್ದೇಶ. ಆದರೆ ಸುಳ್ಳಿಗೂ ಒಮ್ಮೊಮ್ಮೆ ಅದೃಷ್ಟ ಇರುತ್ತದೆ. ಆ ಶೋರೂಮಿಗೆ ಅದೇ ತಿಂಗಳು ಐವತ್ತು ವರ್ಷ ತುಂಬುತ್ತಿತ್ತು. ನಿಷ್ಠಾವಂತ ಕುಟುಂಬವೊಂದಕ್ಕಾಗಿ ಅವರು ದೀಪ ಹಿಡಿದು ಹುಡುಕುತ್ತಿದ್ದರು.

ಮೂರನೆಯ ದಿನ ಶೋರೂಮಿನ ಮುದೀರ್, ಅಂದರೆ ಮ್ಯಾನೇಜರು, ಸ್ವತಃ ಮನೆಗೆ ಬಂದ. ಈಜಿಪ್ಟಿನವನು. ಅವನಿಗಿಂತ ಮೊದಲು ಅವನ ಅತ್ತರು ಬಂತು. ಹಾರಿಸ್ ತಾನೇ ಲಿಫ್ಟು ಒತ್ತಿ ಕರೆತಂದ. ಮುದೀರ್ ಸೋಫಾದಲ್ಲಿ ಕೂತು, ಹಿಂದಿ, ಇಂಗ್ಲಿಷು, ಅರಬ್ಬಿ ಮೂರನ್ನೂ ಕಲಸಿದ ಭಾಷೆಯಲ್ಲಿ, ಎದೆಯ ಮೇಲೆ ಕೈಯಿಟ್ಟು ಘೋಷಿಸಿದ: "ಹಬೀಬಿ! ಶುಕ್ರವಾರ ಸಂಜೆ ಶೋರೂಮಿನಲ್ಲಿ ಫಂಕ್ಷನ್. ನಿಮ್ಮ ಅಪ್ಪನ ಗಾಡಿಯ ಅದೇ ಮಾಡೆಲ್ ನಮ್ಮಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ನೀವು ಈ ಕೀಯನ್ನು ಅದಕ್ಕೆ ಹಾಕಬೇಕು, ಫೋಟೋ. 'ಈ ಟಕಾಮಿಯೇ ನಮ್ಮನ್ನು ಅಮ್ಮಾನಿಗೆ ಮುಟ್ಟಿಸಿತು' ಎಂದು ಕ್ಯಾಮರಾಕ್ಕೆ ಹೇಳಬೇಕು, ವಿಡಿಯೋ. ಆಮೇಲೆ ಹೊಸ ಟಕಾಮಿ ನಿಮ್ಮದು. ಖಲಾಸ್!"

"ಎ.ಸಿ.?" ಎಂದಳು ಮೊಲ್ಲಿ.

"ನಾಲ್ಕು ಕಡೆಯಿಂದ, ಮೇಡಂ."

ಮೊಲ್ಲಿ ಪವಿತ್ರ ಹೃದಯದ ಪಟದ ಕಡೆ ತಿರುಗಿ ಶಿಲುಬೆ ಗುರುತು ಹಾಕಿಕೊಂಡಳು.

ಮುದೀರ್ ಎದ್ದು ಮೊಳೆಯಲ್ಲಿ ತೂಗುತ್ತಿದ್ದ ಕೀಲಿಕೈಯನ್ನು ನೋಡಿದ. ಚಹಾದ ಲೋಟ ಕೈಯಲ್ಲೇ ಇತ್ತು. ಹೊರಡುವ ಹೊತ್ತಿಗೆ ಸುಮ್ಮನೆ ಕೇಳಿದ: "ಒಂದು ಮಾತು. ಗಾಡಿಯನ್ನು ಬಡವನಿಗೆ ದಾನ ಕೊಟ್ಟರು, ಮಾಶಾಲ್ಲಾ. ಕೀ ನಿಮ್ಮ ಹತ್ತಿರ ಇದೆ. ಹಾಗಾದರೆ ಆ ಬಡವ ಗಾಡಿಯನ್ನು ಏನು ಮಾಡಿದ?"

ಮೂವತ್ತೈದು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆ.

"ತಳ್ಳಿಕೊಂಡು ಹೋಗಿರಬೇಕು," ಎಂದ ಡೋಲ್ಫಿ.

ಸುದ್ದಿ ಹಬ್ಬಿತು. ಹಾರಿಸ್ ಕೇಳದೆಯೇ ಕಾರು ತೊಳೆದು, ಅದರ ನಿಜವಾದ ಬಣ್ಣ ಕಂಡು ತಾನೇ ಬೆಚ್ಚಿದ. ಸಿರಿಯಾದ ಅಜ್ಜಿ ಖರ್ಜೂರ ಕಳಿಸಿದಳು. ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಲಾಯ್ಡ್ ಚಿಕ್ಕಪ್ಪ ಬಹರೈನಿನಿಂದ ಫೋನು ಮಾಡಿ, "ಪುತಾ, ನಾನು ಓಡಿಸುವುದು ಬ್ರಿಸ್ಟನ್ ಆದರೂ ಮನಸ್ಸಿನಲ್ಲಿ ಟಕಾಮಿಯೇ," ಎಂದು ಅತ್ತರು. ಡೋಲ್ಫಿ ಎಲ್ಲರ ಅಭಿನಂದನೆಯನ್ನೂ ತಲೆತಗ್ಗಿಸಿ ಸ್ವೀಕರಿಸಿದ. ತಲೆಯೊಳಗೆ ಮಾತ್ರ ಆ ಬಡ ಜೋರ್ಡಾನಿ ಮರಳುಗಾಡಿನಲ್ಲಿ ಕೀಲಿಯಿಲ್ಲದ ಕಾರು ತಳ್ಳುತ್ತಲೇ ಇದ್ದ.

ಗುರುವಾರ ಸಂಜೆ ತಡೆಯಲಾಗಲಿಲ್ಲ. ವಿಸಿಟ್ ವೀಸಾದಲ್ಲಿ ಬಂದು ಎರಡು ತಿಂಗಳಿನಿಂದ ಅವರ ಮನೆಯಲ್ಲೇ ಇದ್ದ ತಾಯಿ ಫ್ರೀಡಾಬಾಯಿ ಜಪಸರ ಹಿಡಿದು ಕೂತಿದ್ದರು. ಅವರ ಜಪದ ನಡುವೆ ಭೂಕಂಪ ಆದರೂ ಆ ಹತ್ತು ಮಣಿ ಮುಗಿಯುವವರೆಗೆ ಕಾಯಬೇಕು.

"ಮಾಂಯ್, ಗಾಡಿ ದಾನ ಕೊಟ್ಟಮೇಲೆ ಪಪ್ಪ ಕೀ ಯಾಕೆ ಇಟ್ಕೊಂಡದ್ದು?"

ಫ್ರೀಡಾಬಾಯಿ ಕಣ್ಣು ಮುಚ್ಚಿಯೇ ಒಂದು ಬೆರಳೆತ್ತಿದರು. ಹತ್ತು ಮಣಿ ಜರುಗಿದವು. ಹತ್ತು ಮಣಿಗೆ ಒಂದರಂತೆ ಜಪಸರದಲ್ಲಿರುವ ಐದು ರಹಸ್ಯಗಳಲ್ಲಿ ಎರಡನೆಯದು ಮುಗಿದು ಮೂರನೆಯದು ಶುರುವಾಗುವ ಸಂದಿಯಲ್ಲಿ ಕಣ್ಣು ತೆರೆದು ಕೇಳಿದರು: "ಯಾವ ಗಾಡಿ?"

"ಟಕಾಮಿ, ಮಾಂಯ್."

ಮತ್ತೆ ಹತ್ತು ಮಣಿ. ಡೋಲ್ಫಿ ಉಗುರು ಕಚ್ಚಿದ. ಮೊಲ್ಲಿ ಅಡುಗೆಮನೆಯಿಂದ ಸೌಟಿನ ಸಮೇತ ಬಂದು ನಿಂತಳು. ಹದಿಮೂರರ ಮಗಳು ವೆಲಿಟಾ ಇಯರ್‌ಫೋನು ತೆಗೆದಳು.

"ಅದನ್ನು ಯಾರಿಗೆ ದಾನ ಕೊಡುವುದು? ಅದು ಹೊರಡ್ಲೇ ಇಲ್ಲ," ಎಂದು ಹೇಳಿ ಫ್ರೀಡಾಬಾಯಿ ನಾಲ್ಕನೆಯ ರಹಸ್ಯಕ್ಕೆ ಹೋದರು.

ಆ ಹತ್ತು ಮಣಿಯಷ್ಟು ದೀರ್ಘವಾದ ಪ್ರಾರ್ಥನೆ ಕ್ರೈಸ್ತ ಚರಿತ್ರೆಯಲ್ಲಿ ಇರಲಾರದು.

"ನಿನ್ನ ಪಪ್ಪ ಕೀ ಹಾಕಿದ್ರು. ಒಳಗೇ ಹೋಗ್ಲಿಲ್ಲ. ಮರಳು ತುಂಬಿರಬೇಕು ಅಂತ ಊದಿದ್ರು, ಎಣ್ಣೆ ಬಿಟ್ರು, ಬೈದ್ರು. ಹೊರಗೆ ಗುಂಡಿನ ಸದ್ದು. ಕಡೆಗೆ ಪಕ್ಕದ ಮನೆಯ ಸ್ಯಾಮುವೆಲ್ ಬಂದು, 'ಬನ್ನಿ, ನನ್ನ ಗಾಡಿಯಲ್ಲಿ ಜಾಗ ಉಂಟು' ಅಂದ. ಅವನ ಹೆಂಡತಿ ಮಕ್ಕಳು ರಜೆಗೆ ಊರಿಗೆ ಹೋಗಿದ್ರು. ಅವನೇ ಅಮ್ಮಾನಿಗೆ ಮುಟ್ಟಿಸಿದ್ದು."

"ಯಾವ... ಯಾವ ಸ್ಯಾಮುವೆಲ್?"

"ಮೇಲಿನ ಮಹಡಿಯ ಫ್ರೆಡ್ರಿಕನ ಅಪ್ಪ. ಪಾಪ, ಒಳ್ಳೆ ಮನುಷ್ಯ, ತೀರಿಹೋದ."

"ಗಾಡಿ?"

"ಬ್ರಿಸ್ಟನ್," ಎಂದು ಫ್ರೀಡಾಬಾಯಿ ಐದನೆಯ ರಹಸ್ಯ ಶುರುಮಾಡಿದರು.

ಮೊಲ್ಲಿ ಸೌಟು ಕೆಳಗಿಟ್ಟಳು. ವೆಲಿಟಾ, "ಪಪ್ಪಾ, ಹಾಗಾದರೆ ಇದು ಫೇಕ್ ನ್ಯೂಸ್!" ಅಂದಳು. ಡೋಲ್ಫಿ ಗೋಡೆ ಹಿಡಿದು ಕೂತ. ಜಪ ಮುಗಿದ ಮೇಲೆ ತಾಯಿಯ ಮೇಲೆ ಹಾಯ್ದ. "ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಮಾಂಯ್?"

"ಯಾರು ಕೇಳಿದ್ದು ನನ್ನನ್ನು? ಐದನೇ ಕ್ಲಾಸಿನಲ್ಲಿ ನೀನು 'ನನ್ನ ಅಪ್ಪನ ಕಾರು' ಅಂತ ಪ್ರಬಂಧ ಬರೆದು ಕಪ್ಪು ತಂದೆ. ನಿನ್ನ ಪಪ್ಪ ಆ ಕಪ್ಪನ್ನು ನೋಡಿ ಬಾಯಿ ಮುಚ್ಚಿದ್ರು. ಸ್ಯಾಮುವೆಲನೂ, 'ಬಿಡಿ ಫ್ರೀಡಾಬಾಯಿ, ಜೋಕಿಮನಿಗೆ ಬೇಸರ ಆಗ್ತದೆ, ಯಾರಿಗೂ ಹೇಳ್ಬೇಡಿ' ಅಂದ. ನೀವು ಹೇಳ್ತಾ ಇದ್ದಿರಿ, ನಾನು ಕೇಳ್ತಾ ಇದ್ದೆ."

"ಕೈ ಕೊಟ್ಟ ಗಾಡಿಯನ್ನೇ ಪಪ್ಪ ತಿರುಗಿ ಬಂದು ಮತ್ತೆ ಯಾಕೆ ಕೊಂಡದ್ದು?"

"ನಾನೂ ಕೇಳಿದೆ. 'ಒಂದು ದಿನ ಹೊರಡ್ಲಿಲ್ಲ ಅಂತ ಬಿಡ್ಲಿಕ್ಕಾಗ್ತದಾ? ನೀನೂ ಪ್ರತಿ ಆದಿತ್ಯವಾರ ಪೂಜೆಗೆ ಹೊರಡುವಾಗ ತಡ ಮಾಡ್ತಿ, ನಿನ್ನನ್ನು ಬಿಟ್ಟೆನಾ?' ಅಂದ್ರು."

ಮೊಲ್ಲಿ ಗಂಡನ ಪಕ್ಕದಲ್ಲಿ ಕೂತು, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚುವ ಮುಂಚೆ ಬಳಸುವ ಮೆದು ದನಿಯಲ್ಲಿ ಹೇಳಿದಳು: "ನೋಡು ಡೋಲ್ಫಿ. ನಾಳೆ ಒಂದೇ ಒಂದು ವಾಕ್ಯ. ನಾಲ್ಕು ಕಡೆಯಿಂದ ಎ.ಸಿ. ಆಮೇಲೆ ಶನಿವಾರ ಹೋಗಿ ಪಾಪನಿವೇದನೆ ಮಾಡು. ನಾನೇ ಕರ್ಕೊಂಡು ಹೋಗ್ತೇನೆ, ಹೊಸ ಗಾಡಿಯಲ್ಲಿ."

ಶುಕ್ರವಾರ ಸಂಜೆ ಶೋರೂಮಿನಲ್ಲಿ ಹೂವು, ಬಲೂನು, ಕ್ಯಾಮರಾ. ಎಡಕ್ಕೆ ಕೆಂಪು ರಿಬ್ಬನ್ ಕಟ್ಟಿದ ಹೊಸ ಟಕಾಮಿ. ಮೊಲ್ಲಿ ಅದರ ಕಿಟಕಿಗೆ ಹಣೆ ಹಚ್ಚಿ ಎ.ಸಿ. ರಂಧ್ರಗಳನ್ನು ಎಣಿಸಿ ಬಂದಿದ್ದಳು. ಬಲಕ್ಕೆ ಎಂಬತ್ತನಾಲ್ಕರ ಬಿಳಿ ಟಕಾಮಿ, ಗಾಜಿನ ಪೆಟ್ಟಿಗೆಯಿಂದ ಇಳಿಸಿದ್ದು. ಊರಿನವರೆಲ್ಲ ಬಂದಿದ್ದರು. ಮೊದಲ ಸಾಲಿನಲ್ಲಿ ಫ್ರೆಡ್ರಿಕ್, ಮೊಬೈಲನ್ನು ಬಂದೂಕಿನ ಹಾಗೆ ಗುರಿಯಿಟ್ಟು ಕೂತಿದ್ದ.

ಮುದೀರ್ ಮೈಕು ಕೊಟ್ಟು ಪಿಸುಗುಟ್ಟಿದ: "ಒಂದೇ ವಾಕ್ಯ, ಹಬೀಬಿ. ಯಲ್ಲಾ, ಬೇಗ."

ಡೋಲ್ಫಿ ಮೈಕು ಹಿಡಿದ. ಎದುರಿಗೆ ಮೊಲ್ಲಿ ಕೈಮುಗಿದಿದ್ದಳು. ಪಕ್ಕದಲ್ಲಿ ತಾಯಿ ಜಪಸರ ಹಿಡಿದು, ತುಟಿ ಅಲುಗಿಸದೆ, ಮಗನನ್ನೇ ನೋಡುತ್ತಿದ್ದರು. ಫ್ರೆಡ್ರಿಕ್ ಹಲ್ಲು ಕಿರಿದ. ಆ ಹಲ್ಲುಗಳ ಸಾಲು, ಹಿಂದಿನ ರಾತ್ರಿ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಕಂಡ ಸ್ಯಾಮುವೆಲನದೇ ತದ್ರೂಪು.

"ಈ ಟಕಾಮಿ ನಮ್ಮನ್ನು ಅಮ್ಮಾನಿಗೆ ಮುಟ್ಟಿಸ್ಲಿಲ್ಲ!" ಎಂದ ಡೋಲ್ಫಿ.

ಬಲೂನೊಂದು ತಾನಾಗಿಯೇ ಒಡೆಯಿತು.

"ಅದು ಸ್ಟಾರ್ಟೇ ಆಗ್ಲಿಲ್ಲ. ನಮ್ಮನ್ನು ಮುಟ್ಟಿಸಿದ್ದು ಈ ಫ್ರೆಡ್ರಿಕನ ಅಪ್ಪ, ಸ್ಯಾಮುವೆಲ್ ಮಾಮ, ತನ್ನ ಬ್ರಿಸ್ಟನಿನಲ್ಲಿ. ನನ್ನ ಪಪ್ಪನ ಮರ್ಯಾದಿ ಹೋಗ್ಬಾರ್ದು ಅಂತ ಸಾಯುವವರೆಗೆ ಬಾಯಿ ಬಿಡ್ಲಿಲ್ಲ. ಈಗ ನಾನು ಬಿಡ್ತಾ ಇದ್ದೇನೆ." ಫ್ರೆಡ್ರಿಕನ ಮೊಬೈಲು ನಿಧಾನವಾಗಿ ಮಡಿಲಿಗೆ ಇಳಿಯಿತು. "ಆದರೂ ಕೇಳಿ! ನಾವು ಟಕಾಮಿ ಬಿಡುವವರಲ್ಲ. ಯಾಕೆ ಬಿಡ್ಬೇಕು? ಹೊರಟ ದಿನ ಮಾತ್ರ ನಂಬ್ಲಿಕ್ಕೆ ಅದೆಂತ ಬಾಡಿಗೆ ಟ್ಯಾಕ್ಸಿಯಾ? ಹೊರಟರೂ ನಮ್ಮದೇ, ಹೊರಡದಿದ್ದರೂ ನಮ್ಮದೇ. ನಾನು ಸತ್ತರೆ ನನ್ನನ್ನೂ ಟಕಾಮಿಯಲ್ಲೇ ಒಯ್ಯಬೇಕು, ಹೊರಡದಿದ್ದರೆ ತಳ್ಳಬೇಕು!"

ಲಾಯ್ಡ್ ಚಿಕ್ಕಪ್ಪನ ಚಪ್ಪಾಳೆ ವಿಡಿಯೋ ಕಾಲಿನಲ್ಲಿ ಒಂಟಿಯಾಗಿ ಕೇಳಿಸಿತು. ಮೊಲ್ಲಿ ಕಣ್ಣು ಮುಚ್ಚಿಕೊಂಡಳು. ಮುದೀರನ ಮುಖ ತಂಪು ಶೋರೂಮಿನಲ್ಲೂ ಬೆವರಿತು. ಕಾರ್ಯಕ್ರಮ ಉಳಿಸಲು ಅವನಿಗೆ ತೋಚಿದ್ದು ಒಂದೇ: "ಕೀ! ಫೋಟೋ! ಯಲ್ಲಾ ಯಲ್ಲಾ!" ಎಂದು ಡೋಲ್ಫಿಯನ್ನು ಹಳೆಯ ಕಾರಿನೊಳಗೆ ತಳ್ಳಿದ.

ಡೋಲ್ಫಿ ಅಪ್ಪನ ಕೀಲಿಕೈಯನ್ನು ಹಾಕಿದ. ತೂತಿನೊಳಗೆ ಹೋಗಲಿಲ್ಲ. ತಿರುವಿ ಹಾಕಿದ. ಹೋಗಲಿಲ್ಲ. ಊದಿದ.

"ಮರಳು," ಎಂದ ಮುದೀರ್, ಕ್ಯಾಮರಾಕ್ಕೆ ನಗುತ್ತ.

"ಮೂವತ್ತು ವರ್ಷ ಗಾಜಿನೊಳಗೆ ಇದ್ದ ಗಾಡಿಗೆ ಎಲ್ಲಿಯ ಮರಳು?" ಎನ್ನುತ್ತ ಶೋರೂಮಿನ ಹಳೆಯ ಮೆಕ್ಯಾನಿಕ್ ಮೊಯ್ದೀನ್ ಕುಂಞಿ ಎಣ್ಣೆ ಡಬ್ಬಿ ಹಿಡಿದು ಮುಂದೆ ಬಂದ. ಉಪ್ಪಳದವನು, ನಲವತ್ತು ವರ್ಷ ಟಕಾಮಿಯ ಹೊಟ್ಟೆಯ ಕೆಳಗೆ ಮಲಗಿದವನು. ಕೀಲಿಕೈಯನ್ನು ಇಸಿದುಕೊಂಡು ಕನ್ನಡಕ ಹಣೆಗೇರಿಸಿ ನೋಡಿದ. ಬೆಳಕಿಗೆ ಹಿಡಿದು ನೋಡಿದ. ಕಡೆಗೆ ಡೋಲ್ಫಿಯ ಮುಖ ನೋಡಿದ.

"ಇದು ಗಾಡಿಯದ್ದು ಅಂತ ನಿನಗೆ ಯಾರು ಹೇಳಿದ್ದು ಮೋನೆ? ಇದು ಗುಡಾಮಿನ ಶಟರಿನ ಬೀಗದ್ದು. ಅರ್ದಿಯಾದ ಹಳೇ ಗುಡಾಮುಗಳಿಗೆಲ್ಲ ಇದೇ ಬೀಗ. ನಿನ್ನ ಬಾಪ ಎಂತ ಕೆಲಸ?"

"ಅರ್ದಿಯಾದಲ್ಲಿ ಬಿಸ್ಕಿಟ್ ಗುಡಾಮಿನ ಸ್ಟೋರ್‌ಕೀಪರ್," ಎಂದ ಡೋಲ್ಫಿ ಯಾಂತ್ರಿಕವಾಗಿ.

"ಸಾಯ್ಬಾ, ದೇವರೇ!" ಎಂದು ಮೊದಲ ಸಾಲಿನಿಂದ ಫ್ರೀಡಾಬಾಯಿ ಎದ್ದು ನಿಂತರು. ಜಪಸರದ ನಡುವೆ ಅವರು ಎದ್ದದ್ದು ಅದೇ ಮೊದಲು. "ಗಾಡಿಯದ್ದಕ್ಕೂ ಗುಡಾಮಿನದ್ದಕ್ಕೂ ಒಂದೇ ನಮೂನೆ ಟಕಾಮಿ ಕೀಚೈನು ಹಾಕಿದ್ರು ಅವರು! ಬೇರೆ ಕೀಚೈನು ಮನೆಗೆ ತರ್ಲಿಕ್ಕೆ ಬಿಡ್ಲೇ ಇಲ್ಲ! ಗಾಡಿಯ ಕೀ ಬಾಗಿಲ ಹಿಂದೆ ಮೊಳೆಯಲ್ಲೇ ಉಳಿದದ್ದು! ತಿರುಗಿ ಬಂದ ಮೇಲೆ ಅವರಿಗೆ ಗೊತ್ತಾಗಿರ್ಬೇಕು, ಅದಕ್ಕೇ ಇದನ್ನು ದೇವರ ಹತ್ತಿರ ತೂಗಿಸಿದ್ದು... ಕಳ್ಳ!"

ಡೋಲ್ಫಿ ರೆಬೆಲ್ಲೊ, ಹಳೆಯ ಟಕಾಮಿಯ ಸ್ಟಿಯರಿಂಗಿನ ಹಿಂದಿನಿಂದ, ಸಿಂಹಾಸನದಿಂದ ಏಳುವ ಅರಸನಂತೆ ಎದ್ದ. ತಲೆ ಛಾವಣಿಗೆ ಬಡಿಯಿತು. ಲೆಕ್ಕಿಸಲಿಲ್ಲ.

"ಕೇಳಿದಿರಾ?" ಎಂದು ಗರ್ಜಿಸಿದ. "ಗಾಡಿ ಕೈ ಕೊಡ್ಲಿಲ್ಲ! ನಮ್ಮ ಪಪ್ಪ ಬಿಸ್ಕಿಟ್ ಗುಡಾಮಿನ ಕೀ ಹಾಕಿ ತಿರುಗಿಸಿದ್ರೆ ಯಾವ ಗಾಡಿ ಹೊರಡ್ತದೆ ಮಾರಾಯ್ರೆ? ಟಕಾಮಿ ತಯಾರಾಗಿಯೇ ನಿಂತಿತ್ತು! ಅದನ್ನು ಕೇಳಿದವರೇ ಇಲ್ಲ! ಟಕಾಮಿ ಒಂದು ದಿನವೂ ತಪ್ಪಿದ್ದಿಲ್ಲ!"

ಈ ಸಲ ಚಪ್ಪಾಳೆ ಬಿತ್ತು. ನಗು ಬಿತ್ತು. ಹಾರಿಸ್ ಶಿಳ್ಳೆ ಹೊಡೆದ. ಮುದೀರ್ ಮಾತ್ರ ಕ್ಯಾಮರಾದವನಿಗೆ ಕತ್ತರಿಯ ಸನ್ನೆ ಮಾಡಿ, ಎದುರಾಳಿ ಕಂಪನಿಯ ಕಾರನ್ನು ಹೊಗಳಿದ ಗಿರಾಕಿಗೆ ಹೊಸ ಕಾರು ಕೊಡುವ ನಿಯಮ ತಮ್ಮಲ್ಲಿಲ್ಲವೆಂದು ವಿನಯದಿಂದ ತಿಳಿಸಿ, ಅಭಿಮಾನಕ್ಕೆ ಗೌರವವಾಗಿ ಒಂದು ಪುಟ್ಟ ಪೆಟ್ಟಿಗೆ ಕೊಟ್ಟ. ಮೊಲ್ಲಿ ತೆರೆದು ನೋಡಿದಳು. ಹಿತ್ತಾಳೆಯ ಕೀಚೈನು. ಕೊಕ್ಕರೆ ಗುರುತು.

ಹೊರಗೆ, ಪಾರ್ಕಿಂಗಿನಲ್ಲಿ, ಸಂಜೆಯಾದರೂ ನೆಲ ಕಾದ ಕಾವಲಿ. ಫ್ರೆಡ್ರಿಕ್ ತನ್ನ ಬ್ರಿಸ್ಟನ್ ಪಕ್ಕದಲ್ಲಿ ನಿಂತಿದ್ದ, ಹಲ್ಲು ಒಳಗಿದ್ದವು.

"ಅಪ್ಪ ನಮಗೂ ಹೇಳ್ಲಿಲ್ಲ ಡೋಲ್ಫಿ. ಒಂದು ಮಾತೂ ಹೇಳ್ಲಿಲ್ಲ," ಎಂದ. ಕಾರಿನ ಕಡೆ ಕೈ ತೋರಿಸಿ, "ಫ್ರೀಡಾಬಾಯಿ, ಮೊಲ್ಲಿ, ಬನ್ನಿ. ನನ್ನ ಗಾಡಿಯಲ್ಲಿ ಜಾಗ ಉಂಟು," ಎಂದ.

ಮೂವತ್ತೈದು ವರ್ಷದ ಹಿಂದಿನ ಅದೇ ಮಾತು. ಫ್ರೀಡಾಬಾಯಿ ಕಣ್ಣೊರೆಸಿಕೊಂಡರು. ಮೊಲ್ಲಿ ಆಗಲೇ ಬಾಗಿಲು ತೆರೆದಿದ್ದಳು.

"ಬೇಡ!" ಎಂದ ಡೋಲ್ಫಿ. "ಸ್ಯಾಮುವೆಲ್ ಮಾಮನ ಋಣ ಉಂಟು, ಆ ಋಣ ಜನ್ಮಕ್ಕೂ ಇರಲಿ. ಆದರೆ ಇವತ್ತು, ಇಷ್ಟು ಜನರ ಎದುರು ಇಷ್ಟು ಹೇಳಿದ ಮೇಲೆ, ರೆಬೆಲ್ಲೊ ಮನೆಯವರು ಟಕಾಮಿಯಲ್ಲೇ ಹೋಗುವುದು. ಹತ್ತಿ!"

ಹತ್ತಿದರು. ಎಡದಿಂದ ಹತ್ತಿ, ಬಲಕ್ಕೆ ಸರಿದು, ಪ್ರದಕ್ಷಿಣೆಯ ಕ್ರಮದಲ್ಲೇ. ಮೊಲ್ಲಿ ಟವೆಲು ಒದ್ದೆ ಮಾಡಿಕೊಂಡಳು. ಇಡೀ ಊರು ಸುತ್ತ ನಿಂತಿತ್ತು. ಮುದೀರನೂ ಗಾಜಿನ ಬಾಗಿಲಿನ ಹಿಂದೆ ನಿಂತಿದ್ದ. ಡೋಲ್ಫಿ ಎದೆಯುಬ್ಬಿಸಿ ಕೀಲಿಕೈ ತಿರುಗಿಸಿದ.

ಟಕ್.

ಮತ್ತೆ ತಿರುಗಿಸಿದ. ಟಕ್.

"ಪಪ್ಪಾ," ಎಂದಳು ವೆಲಿಟಾ ಹಿಂದಿನಿಂದ, "ಕೀ ಚೆಕ್ ಮಾಡಿ."

ಡೋಲ್ಫಿ ಕೀಲಿಕೈಯನ್ನು ಹೊರಗೆಳೆದು, ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿದ. ಮೊಯ್ದೀನ್ ಕುಂಞಿ ಬಗ್ಗಿ ನೋಡಿದ. ಫ್ರೆಡ್ರಿಕನೂ ನೋಡಿದ. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಅಂಗಿಯ ತೋಳು ಮಡಚಿ ಕಾರಿನ ಹಿಂದಕ್ಕೆ ನಡೆದರು.

ಈ ಸಲ ಕೀಲಿಕೈ ಸರಿಯಾಗಿಯೇ ಇತ್ತು.